ಮಗುವಿನ ಜವಳ: ಮನೆದೇವರ ಹತ್ತಿರವೋ, ಮನೆಯಲ್ಲೋ, ಮಂಟಪದಲ್ಲೋ?

ಜವಳ, ಅಂದರೆ ಮಗುವಿನ ಮೊದಲ ಕೂದಲು ತೆಗೆಸುವ ಕಾರ್ಯ. ಇದುವರೆಗೆ ನಾಲ್ಕು ಜವಳಕ್ಕೆ ನಾನು ಓಡಾಡಿದ್ದೇನೆ. ಮಗಳದು ನಮ್ಮ ಮನೆದೇವರ ಊರು ಉಕ್ಕಡಗಾತ್ರಿಯಲ್ಲಿ ಆಯಿತು. ಎಲ್ಲರನ್ನೂ ಕರೆದುಕೊಂಡು ಹೋಗಿ, ಅಲ್ಲೇ ಅಡಿಗೆ ಮಾಡಿಸಿದ್ದೆವು. ಮೈದುನನ ಮಗನದು ದಾವಣಗೆರೆಯಲ್ಲೇ ಒಂದು ಕಲ್ಯಾಣ ಮಂಟಪದಲ್ಲಿ. ಅಣ್ಣನ ಮಗಳದು ಚಿತ್ರದುರ್ಗದ ತವರುಮನೆಯಲ್ಲಿ. ನನ್ನ ಮಗನದು ಎರಡು ದಿನಕ್ಕೆ ಹಂಚಿದ್ದು: ಶನಿವಾರ ಕೂದಲು, ಭಾನುವಾರ ಊಟ. ನಾಲ್ಕರಲ್ಲೂ ಮಗು ಅತ್ತಿದೆ. ಅದಕ್ಕೆ ಮದ್ದಿಲ್ಲ. ದೊಡ್ಡವರೂ ಅತ್ತಿದ್ದು ಎರಡರಲ್ಲಿ.

ಈಗ ತಂಗಿಯ ಮಗನಿಗೆ ಹನ್ನೊಂದು ತಿಂಗಳು ನಡೆಯುತ್ತಿದೆ. ದಿನಾ ಫೋನು. ಒಂದು ದಿನ ಮಂಟಪ ಅಂತಾಳೆ, ಮರುದಿನ ಗುಡ್ಡ ಅಂತಾಳೆ. ಅವಳಿಗೆ ತುಂಡು ತುಂಡಾಗಿ ಹೇಳಿದ್ದನ್ನು ಒಂದು ಕಡೆ ಬರೆದಿಡೋಣ ಅಂತ ಕೂತಿದ್ದೇನೆ. ಇದೇ ಗೊಂದಲದಲ್ಲಿ ಇರುವ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ನನ್ನ ಅಳತೆ ಒಂದೇ. ಖರ್ಚಲ್ಲ, ಜನರಲ್ಲ. ಕೂದಲು ತೆಗೆಯುವ ಆ ಅರ್ಧ ಗಂಟೆ ಮಗುವಿನ ಹೊಟ್ಟೆ ತುಂಬಿರಬೇಕು, ನಿದ್ದೆ ಆಗಿರಬೇಕು. ಯಾವ ಏರ್ಪಾಡಿನಲ್ಲಿ ಇದು ಸಾಧ್ಯವೋ ಅದು ಒಳ್ಳೆಯ ಏರ್ಪಾಡು. ಉಳಿದದ್ದನ್ನೆಲ್ಲ ಹೇಗೋ ಸರಿ ಮಾಡಿಕೊಳ್ಳಬಹುದು.

ಜಾಗಕ್ಕಿಂತ ಮೊದಲು ದಿನ

ಬಹಳ ಜನ ಮೊದಲು ಜಾಗ ಗೊತ್ತು ಮಾಡಿ, ಆಮೇಲೆ ದಿನಕ್ಕೆ ಒದ್ದಾಡುತ್ತಾರೆ. ನಾವೂ ಅದನ್ನೇ ಮಾಡಿದ್ದೆವು. ಜವಳಕ್ಕೆ ಬೆಸ ಲೆಕ್ಕ ನೋಡುತ್ತಾರೆ. ಒಂಬತ್ತು ತಿಂಗಳು, ಹನ್ನೊಂದು ತಿಂಗಳು, ಇಲ್ಲಾಂದ್ರೆ ಮೂರನೇ ವರ್ಷ, ಐದನೇ ವರ್ಷ. ಆಷಾಢ ಬೇಡ, ಧನುರ್ಮಾಸ ಬೇಡ. ಉಳಿದ ತಿಂಗಳಲ್ಲಿ ಏಪ್ರಿಲ್–ಮೇ ತೆಗೆದುಬಿಡಿ. ನಮ್ಮ ಕಡೆಯ ಬಿಸಿಲಿಗೆ ಬೋಳು ತಲೆಯ ಕೂಸನ್ನು ಹೊರಗೆ ಕರೆದುಕೊಂಡು ಹೋಗುವುದು ನನಗಂತೂ ಒಪ್ಪಿಗೆ ಇಲ್ಲ. ಶಾಲೆಗೆ ರಜೆ ಇದೆ ಅನ್ನುವ ಒಂದೇ ಕಾರಣಕ್ಕೆ ಮೇ ತಿಂಗಳು ಹಿಡಿದವರೆಲ್ಲ ಆಮೇಲೆ ಪೇಚಾಡಿದ್ದನ್ನು ನೋಡಿದ್ದೇನೆ.

ಆಮೇಲೆ ವಾರದ ಜಗಳ. ಬಸವಣ್ಣ, ಅಜ್ಜಯ್ಯ (ಉಕ್ಕಡಗಾತ್ರಿ ಕರಿಬಸವೇಶ್ವರ) ಮನೆದೇವರಾಗಿರುವ ಒಕ್ಕಲಿನ ಮನೆಗಳಲ್ಲಿ ಹಿರಿಯರು ಸೋಮವಾರ ಅನ್ನುತ್ತಾರೆ. ದೇವಿಯ ಒಕ್ಕಲಾದರೆ ಮಂಗಳವಾರ, ಶುಕ್ರವಾರ. ಕೆಲಸಕ್ಕೆ ಹೋಗುವವರು ಭಾನುವಾರ ಬಿಟ್ಟು ಅಲುಗಾಡುವುದಿಲ್ಲ. ಎರಡನೇ ಅಥವಾ ನಾಲ್ಕನೇ ಶನಿವಾರ ಸೇರುವ ವಾರಾಂತ್ಯ ನೋಡಿ. ಬ್ಯಾಂಕಿನವರಿಗೂ ಸರ್ಕಾರಿ ನೌಕರರಿಗೂ ಎರಡು ದಿನ ಸಿಗುತ್ತದೆ. ನಮ್ಮ ಮನೆಯ ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ಸೋದರಮಾವನ ದಾರಿಯನ್ನೂ ಕೇಳಿಕೊಳ್ಳಿ. ಅವನ ತೊಡೆಯ ಮೇಲೆ ಮಗು ಕೂರಬೇಕು, ಮೊದಲ ಕತ್ತರಿ ಅವನೇ ಹಾಕಬೇಕು. ಅವನಿಲ್ಲದೆ ಏನೂ ನಡೆಯುವುದಿಲ್ಲ. ಮುಕ್ಕಾಲು ಪಾಲು ಮನೆಗಳಲ್ಲಿ ಈ ಮಾವ ಬೆಂಗಳೂರಿನಲ್ಲಿ ಇರುತ್ತಾನೆ. 'ಬೆಳಗ್ಗೆ ವಂದೇ ಭಾರತ್ ಹತ್ತಿ ಬಂದುಬಿಡ್ತೀನಿ ಅಕ್ಕ' ಅಂದರೆ ನಂಬಬೇಡಿ. ಆ ರೈಲು ದಾವಣಗೆರೆ ಮುಟ್ಟುವಾಗ ಒಂಬತ್ತು ಗಂಟೆಯ ಆಸುಪಾಸು ಆಗಿರುತ್ತದೆ. ಅಷ್ಟರಲ್ಲಿ ಮಗು ಎದ್ದು, ತಿಂದು, ಆಡಿ, ಮತ್ತೆ ನಿದ್ದೆಗೆ ಜಾರುವ ಹೊತ್ತು. ಹಿಂದಿನ ರಾತ್ರಿಯೇ ಬರಲಿ.

ಇನ್ನೊಂದು ವಿಷಯ ಪಂಚಾಂಗದಲ್ಲಿ ಇರುವುದಿಲ್ಲ. ಚುಚ್ಚುಮದ್ದಿನ ದಿನ ಬರೆದಿಡುವ ತಾಯಿ ಕಾರ್ಡಿನಲ್ಲಿ ಇರುತ್ತದೆ. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ–ರುಬೆಲ್ಲಾ ಚುಚ್ಚುಮದ್ದು ಕೊಡುತ್ತಾರೆ. ಅದರ ಎರಡನೇ ಡೋಸು ಮತ್ತು ಡಿಪಿಟಿ ಬೂಸ್ಟರು 16ರಿಂದ 24 ತಿಂಗಳ ಒಳಗೆ. ಡಿಪಿಟಿ ಜ್ವರ ಬರುವುದಿದ್ದರೆ ಒಂದೆರಡು ದಿನದಲ್ಲೇ ಬಂದು ಹೋಗುತ್ತದೆ. ದಡಾರದ ಚುಚ್ಚುಮದ್ದಿನ ಜ್ವರ ಹಾಗಲ್ಲ. ಒಂದು ವಾರ, ಹತ್ತು ದಿನ ಬಿಟ್ಟು ಬರಬಹುದು. ಮಗಳ ಜವಳದ ಹಿಂದಿನ ರಾತ್ರಿ ಮೈ ಬೆಚ್ಚಗಾದಾಗ ಅತ್ತೆ ದೃಷ್ಟಿ ತೆಗೆದರು, ನಾನು ಅಳುತ್ತಾ ಕೂತೆ. ಆಮೇಲೆ ಡಾಕ್ಟರು ಕಾರ್ಡು ನೋಡಿ ದಿನ ಎಣಿಸಿದರು. ಸರಿಯಾಗಿ ಎಂಟು ದಿನ ಆಗಿತ್ತು.

ಮನೆದೇವರ ಹತ್ತಿರ

ನಮ್ಮ ಮನೆದೇವರು ಉಕ್ಕಡಗಾತ್ರಿ ಕರಿಬಸವೇಶ್ವರ. ನಮ್ಮ ಕಡೆ ಯಾರೂ ಅಷ್ಟುದ್ದ ಹೆಸರು ಹೇಳುವುದಿಲ್ಲ, ಅಜ್ಜಯ್ಯ ಅಷ್ಟೇ. ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಗದ್ದಿಗೆ ಇದೆ. ಹೊಳೆಯಲ್ಲಿ ಮಿಂದು, ಕೂದಲು ಕೊಟ್ಟು, ದರ್ಶನ ಮಾಡಿ, ಅಲ್ಲೇ ಎಡೆ ಮಾಡಿ ಉಂಡು ಬರುವುದು ಹಿಂದಿನಿಂದ ಬಂದ ಪದ್ಧತಿ. ನಾನು ಮದುವೆಯಾಗಿ ಬಂದಾಗ ಕೇಳಿದ ಕಥೆಗಳಲ್ಲಿ ಇದು ಎತ್ತಿನ ಗಾಡಿಯ ಪ್ರಯಾಣ. ನಮ್ಮ ಕಾಲಕ್ಕೆ ಒಂದು ಟಿಟಿ (ಟೆಂಪೋ ಟ್ರಾವೆಲರ್), ಎರಡು ಕಾರು, ಹಿಂದೆ ಪಾತ್ರೆ ಹೇರಿದ ಟಾಟಾ ಏಸ್.

ಮಗಳ ಜವಳದ ದಿನ ಬೆಳಗ್ಗೆ ಐದಕ್ಕೆ ಹೊರಡುವುದು ಅಂತ ಮಾತಾಗಿತ್ತು. ಹೊರಟದ್ದು ಆರೂಮುಕ್ಕಾಲಿಗೆ. 42 ಜನರನ್ನು ಒಂದೇ ಹೊತ್ತಿಗೆ ಬಾಗಿಲು ದಾಟಿಸುವುದು ಯಾರಿಗೂ ಆಗುವ ಕೆಲಸವಲ್ಲ ಬಿಡಿ. ದಾರಿಯಲ್ಲಿ ಇಬ್ಬರಿಗೆ ವಾಂತಿ. ಮುಟ್ಟಿದಾಗ ಬಿಸಿಲೇರಿತ್ತು, ಕ್ಷೌರಕ್ಕೆ ಸರದಿ ಇತ್ತು. ಮಗು ಹಸಿದಿತ್ತು, ಬಿಸಿನೀರಿನ ಫ್ಲಾಸ್ಕು ಟಾಟಾ ಏಸಿನಲ್ಲಿ ಪಾತ್ರೆಗಳ ಕೆಳಗೆ ಸಿಕ್ಕಿಕೊಂಡಿತ್ತು. ಕೂದಲು ತೆಗೆಯುವಾಗ ಹನ್ನೊಂದು. ಊಟಕ್ಕೆ ಎಲೆ ಹಾಕಿದಾಗ ಎರಡೂವರೆ. ಅಷ್ಟೊತ್ತಿಗೆ ಮಗಳು ನನ್ನ ಹೆಗಲ ಮೇಲೆ ಮಲಗಿದ್ದಳು. ಗಂಧ ಹಚ್ಚಿದ ತಲೆ ನನ್ನ ಸೀರೆಗೆಲ್ಲ ಮೆತ್ತಿಕೊಂಡಿತ್ತು.

ಆದರೂ ಒಂದು ಮಾತು ಹೇಳಬೇಕು. ಆ ದಿನ ಮಾವ ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಪಂಚೆಯಲ್ಲೇ ಮೊಮ್ಮಗಳನ್ನು ಎತ್ತಿಕೊಂಡು ಗದ್ದಿಗೆ ಕಡೆಗೆ ನಡೆದರಲ್ಲ, ಆ ಮುಖ ಯಾವ ಮಂಟಪದಲ್ಲೂ ಸಿಗುವುದಿಲ್ಲ. ಮನೆದೇವರ ಜಾಗದ ಲಾಭ ಅದೇ. ಹಿರಿಯರಿಗೆ ಹರಕೆ ತೀರಿತು ಅನ್ನುವ ಸಮಾಧಾನ ಬೇರೆಲ್ಲೂ ಬರುವುದಿಲ್ಲ. ಇದನ್ನು ಬಿಟ್ಟು ಬೇರೆ ಕಡೆ ಮಾಡಿದವರು ಹೇಗೂ ಆಮೇಲೆ ಒಂದು ಸಲ ಹೋಗಿಯೇ ಹೋಗುತ್ತಾರೆ. ಮಗುವಿಗೆ ಸಣ್ಣ ಕೆಮ್ಮು ಬಂದರೂ 'ಅಜ್ಜಯ್ಯನ ಹತ್ರ ಹೋಗ್ಲಿಲ್ವಲ್ಲ' ಅನ್ನುವ ಮಾತು ಬರುತ್ತದೆ.

ಉಕ್ಕಡಗಾತ್ರಿಗೆ ಹೋಗುವುದಾದರೆ ಅಮಾವಾಸ್ಯೆ ಬೇಡವೇ ಬೇಡ. ಆ ದಿನ ಜನ ಜಾಸ್ತಿ. ಗಾಳಿ ಬಿಡಿಸಿಕೊಳ್ಳಲು ಬಂದವರ ಕೂಗಾಟವೂ ಇರುತ್ತದೆ. ದೊಡ್ಡವರಿಗೇ ಎದೆ ಝಲ್ ಅನ್ನುತ್ತದೆ, ಕೂಸಿನ ಪಾಡೇನು? ಮಳೆಗಾಲದಲ್ಲಿ ಹೊಳೆ ತುಂಬಿದಾಗ ಸ್ನಾನಘಟ್ಟ ಮುಳುಗುತ್ತದೆ, ದಾರಿಯೂ ಕೈಕೊಡಬಹುದು. ನನ್ನ ಲೆಕ್ಕದಲ್ಲಿ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ನಡುವಿನ ಧನುರ್ಮಾಸ ಬಿಟ್ಟು.

ಮನೆದೇವರು ಅಂದಮೇಲೆ ಎಲ್ಲವೂ ಒಂದೇ ತರಹದ ಜಾಗ ಅಲ್ಲ. ಉಚ್ಚಂಗಿದುರ್ಗ ದಾವಣಗೆರೆಗೆ ಹತ್ತಿರ. ಆದರೆ ಉಚ್ಚಂಗೆಮ್ಮ ಇರುವುದು ಕೋಟೆಯ ಗುಡ್ಡದ ಮೇಲೆ. ಮೆಟ್ಟಿಲು ಹತ್ತಬೇಕು. ಮೊಣಕಾಲು ನೋವಿನ ಅತ್ತೆ, ಎಂಟು ಕೆಜಿ ಕೂಸು, ನೀರಿನ ಕ್ಯಾನು ಮೂರನ್ನೂ ಮೇಲೆ ಮುಟ್ಟಿಸುವ ಲೆಕ್ಕ ಮೊದಲೇ ಹಾಕಿ. ಜನ ಕಿಕ್ಕಿರಿಯುವ ಭರತ ಹುಣ್ಣಿಮೆಯ ಆಸುಪಾಸು ಆ ಕಡೆ ತಲೆ ಹಾಕಬೇಡಿ. ಚಿತ್ರದುರ್ಗದವರಿಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಸುಲಭ. ಊರೊಳಗೇ ಗುಡಿ, ಹತ್ತುವುದಿಲ್ಲ ಇಳಿಯುವುದಿಲ್ಲ. ಮಾರ್ಚ್ ಹೊತ್ತಿನ ತೇರಿನ ವಾರವೊಂದನ್ನು ತಪ್ಪಿಸಿದರೆ ಆಯಿತು. ಕೊಟ್ಟೂರು ಬಸವೇಶ್ವರನ ಒಕ್ಕಲಿನವರು ಸೋಮವಾರವನ್ನೂ ಫೆಬ್ರವರಿಯ ತೇರನ್ನೂ ಬಿಟ್ಟು ನೋಡಿ. ದೂರ ಹೋಗಲು ಆಗದವರು ಹರಿಹರಕ್ಕೆ ಹೋಗುತ್ತಾರೆ, ದಾವಣಗೆರೆಯಿಂದ 14 ಕಿಲೋಮೀಟರು. ಆದರೆ ಹರಿಹರೇಶ್ವರನ ಗುಡಿ ಹೊಯ್ಸಳರ ಕಾಲದ್ದು, ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಈಗ ಪುರಾತತ್ವ ಇಲಾಖೆಯ ಕೈಯಲ್ಲಿ ಇದೆ. ಅಲ್ಲಿ ಒಲೆ ಹೂಡಿ ಹೋಳಿಗೆ ಬೇಯಿಸುತ್ತೇವೆ ಅಂದರೆ ಆಗುವುದಿಲ್ಲ. ದರ್ಶನ ಮಾಡಿ ಬಂದು ಊಟಕ್ಕೆ ಬೇರೆ ಜಾಗ ನೋಡಬೇಕು.

ಗಾಡಿಯ ವಿಷಯ. 'ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ, ಟಿಟಿ ಯಾಕೆ' ಅಂತ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಯ ಹೆಂಗಸರೂ ತಿರುಗಾಡುವುದು ಜಾಸ್ತಿಯಾಗಿದೆ, ಸಂತೋಷವೇ. ಆದರೆ ಭಾನುವಾರ ದೇವಸ್ಥಾನದ ಊರಿನ ಬಸ್ಸಿನಲ್ಲಿ ಕೂಸು ಎತ್ತಿಕೊಂಡು ನಿಂತು ನೋಡಿ, ಆಮೇಲೆ ಮಾತಾಡೋಣ. ಮಗು, ಅಪ್ಪ ಅಮ್ಮ, ಅಜ್ಜ ಅಜ್ಜಿ, ಸೋದರಮಾವ ಒಂದು ಗಾಡಿಯಲ್ಲಿ ಬೇಗ ಹೊರಡಲಿ. ಉಳಿದವರು ಬಸ್ಸೋ ಟಿಟಿಯೋ ಹಿಡಿದು ಬರಲಿ. ಎಲ್ಲರೂ ಒಟ್ಟಿಗೆ ಹೊರಡಬೇಕು ಅನ್ನುವ ಹಟವೇ ಆ ದಿನವನ್ನು ಹಾಳು ಮಾಡುವುದು.

ಕಲ್ಯಾಣ ಮಂಟಪ

ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ಮೈದುನನ ಮಗನ ಜವಳಕ್ಕೆ ಹಿಡಿದ ಮಂಟಪದಲ್ಲಿ ಹಿಂದಿನ ರಾತ್ರಿ ಯಾರದೋ ಆರತಕ್ಷತೆ. ಬೆಳಗ್ಗೆ ಆರಕ್ಕೆ ಬೀಗ ಕೊಡುತ್ತೇವೆ ಅಂದವರು ಎಂಟಕ್ಕೆ ಕೊಟ್ಟರು. ಒಳಗೆ ಬಾಡಿದ ಹೂವು, ನೆಲವೆಲ್ಲ ಜಿಗುಟು. ನಮ್ಮ ಓರಗಿತ್ತಿ ರೇಷ್ಮೆ ಸೀರೆ ಸೊಂಟಕ್ಕೆ ಸಿಕ್ಕಿಸಿ ಪೊರಕೆ ಹಿಡಿದಳು. ಗುಡಿಸುತ್ತಾ ಅತ್ತಳು. ಸಂಜೆ ಲೆಕ್ಕ ಮಾಡುವಾಗ ಕರೆಂಟು ಬೇರೆ, ಕ್ಲೀನಿಂಗು ಬೇರೆ, ಜನರೇಟರು ಬೇರೆ. ಬಾಡಿಗೆ ಅಂತ ಹೇಳಿದ್ದು ಬರೀ ಬಾಗಿಲು ತೆಗೆಯುವ ದುಡ್ಡು.

ಆದರೂ ಮಂಟಪ ಯಾರಿಗೆ ಸರಿ ಅಂದರೆ, ಕರೆಯಲೇಬೇಕಾದ ಜನ ಇನ್ನೂರು ದಾಟುವವರಿಗೆ. ಅಂಗಡಿ, ವ್ಯಾಪಾರ ಇಟ್ಟುಕೊಂಡವರಿಗೆ ಕರೆಯೋಲೆ ಕಡಿಮೆ ಮಾಡಲು ಆಗುವುದಿಲ್ಲ. ದಾವಣಗೆರೆಯ ಮಂಡಿಪೇಟೆಯಲ್ಲಿ ಒಬ್ಬರಿಗೆ ಹೇಳಿ ಪಕ್ಕದವರನ್ನು ಬಿಡುವುದು ಹೇಗೆ? ಮಳೆ ಬಂದರೂ ತೊಂದರೆ ಇಲ್ಲ, ಕೈ ತೊಳೆಯಲು ನಲ್ಲಿ ಇದೆ, ವಯಸ್ಸಾದವರಿಗೆ ಕುರ್ಚಿ ಮೇಜಿನ ಊಟ. ಲಗ್ನದ ದಿನಗಳಲ್ಲಿ ಸಿಗುವುದಿಲ್ಲ, ಸಿಕ್ಕರೆ ಬೆಲೆ ಏರಿರುತ್ತದೆ. ಲಗ್ನವಿಲ್ಲದ ಭಾನುವಾರ ಹಿಡಿಯಿರಿ. ಜವಳಕ್ಕೆ ಮದುವೆಯ ಮುಹೂರ್ತ ಬೇಕಿಲ್ಲವಲ್ಲ.

ಮಾತಾಡುವಾಗ ಬೀಗ ಎಷ್ಟು ಗಂಟೆಗೆ ಅನ್ನುವುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಹಿಂದಿನ ದಿನ ಯಾವ ಕಾರ್ಯ ಇದೆ ಅಂತ ಕೇಳಿ. ಊಟದ ಗುತ್ತಿಗೆ ಅವರದೇನಾ, ನಮ್ಮವರನ್ನು ತರಬಹುದಾ ಅಂತ ಕೇಳಿ. ಇಷ್ಟು ಎಲೆ ಕಡ್ಡಾಯ ಅಂತ ಇದ್ದರೆ, ಬಂದವರು ಕಡಿಮೆಯಾದರೂ ಅಷ್ಟಕ್ಕೇ ದುಡ್ಡು ಕೊಡಬೇಕು. ಮತ್ತೆ ಮಗುವಿಗೆ ಒಂದು ಕೋಣೆ ಬೇಕೇ ಬೇಕು, ಒಳಗಿನಿಂದ ಚಿಲಕ ಇರುವ ಕೋಣೆ. ಮೈಕು, ಲೈಟು, ಕಂಡವರೆಲ್ಲ ಕೆನ್ನೆ ಹಿಂಡುವುದು, ಇದನ್ನೆಲ್ಲ ಒಂದು ವರ್ಷದ ಮಗು ಅರ್ಧ ಗಂಟೆಗಿಂತ ಜಾಸ್ತಿ ತಡೆಯುವುದಿಲ್ಲ. ಫೋಟೋದವನು 'ಇನ್ನೊಂದ್ ಸಲ ಕತ್ತರಿ ಹಿಡೀರಿ ಸಾರ್' ಅಂತ ನಾಲ್ಕನೇ ಬಾರಿ ಹೇಳಿದಾಗ ನಮ್ಮ ಹುಡುಗ ಸೋದರಮಾವನ ಶರ್ಟಿನ ಮೇಲೆ ಉಚ್ಚೆ ಹೊಯ್ದ. ಸರಿಯಾಗಿ ಮಾಡಿದ ಅನ್ನಿಸಿತು ನನಗೆ.

ಮನೆಯಲ್ಲೇ

ಮಗುವಿನ ಕಡೆಯಿಂದ ನೋಡಿದರೆ ಇದಕ್ಕೆ ಸಮ ಇಲ್ಲ. ತನ್ನ ತೊಟ್ಟಿಲು, ತನ್ನ ಬಿಸಿನೀರು. ಚಿತ್ರದುರ್ಗದಲ್ಲಿ ಅಣ್ಣನ ಮಗಳು ಏಳಕ್ಕೆ ಎದ್ದು, ರಾಗಿ ಸರಿ ಕುಡಿದು, ಎಂಟಕ್ಕೆ ಪಡಸಾಲೆಯಲ್ಲಿ ಮಾವನ ತೊಡೆ ಏರಿದಳು. ಎಂಟೂವರೆಗೆ ಮುಗಿಯಿತು. ಸ್ನಾನ ಮಾಡಿಸಿದ ಮೇಲೆ ಹನ್ನೊಂದರವರೆಗೆ ನಿದ್ದೆ ಹೊಡೆದಳು.

ಕಷ್ಟ ಇರುವುದು ಮನೆಯವರಿಗೆ. 60 ಜನ ಅಂದುಕೊಂಡಿದ್ದೆವು, ನೂರರ ಹತ್ತಿರ ಬಂದರು, ಬಚ್ಚಲು ಒಂದೇ. ರಸ್ತೆಗೆ ಅಡ್ಡ ಶಾಮಿಯಾನ ಹಾಕಿದರೆ ಅಕ್ಕಪಕ್ಕದವರ ಬೈಕು ಹೊರಗೆ ಬರಬೇಕು, ಮೊದಲೇ ಹೇಳಿ ಒಪ್ಪಿಸಬೇಕು. ಅಡಿಗೆಗೆ ಹಿತ್ತಿಲಿಲ್ಲದಿದ್ದರೆ ಮಾಳಿಗೆ. ಮಾಳಿಗೆಯಿಂದ ಸಾರಿನ ಹಂಡೆ ಇಳಿಸುವಾಗ ಎಲ್ಲರೂ ದೇವರನ್ನು ನೆನೆಯುತ್ತಾರೆ. ಹಳೇ ಮನೆ, ಪಡಸಾಲೆ ಇದ್ದರೆ 80 ಜನರವರೆಗೂ ಮನೆಯೇ ಸರಿ. ಎರಡು ಕೋಣೆಯ ಬಾಡಿಗೆ ಮನೆಯಾದರೆ 30ಕ್ಕೆ ನಿಲ್ಲಿಸಿ.

ಹಂಚಿಕೊಂಡರೆ ಹೇಗೆ?

ಮಗನ ಸಲಕ್ಕೆ ನಾವು ಹೀಗೇ ಮಾಡಿದೆವು. ಶನಿವಾರ ಬೆಳಗ್ಗೆ ಒಂಬತ್ತು ಜನ, ಎರಡು ಕಾರು. ಐದೂವರೆಗೆ ಮನೆ ಬಿಟ್ಟೆವು. ಮಗ ದಾರಿಯುದ್ದ ಮಲಗಿದ, ಅಜ್ಜಯ್ಯನ ಹತ್ತಿರ ಮುಟ್ಟಿ ಎದ್ದ, ಹಾಲು ಕುಡಿದ. ಎಂಟರ ಒಳಗೆ ಕೂದಲು ಆಯಿತು. ಬುತ್ತಿಗೆ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ, ಶೇಂಗಾ ಚಟ್ನಿ ತಿಂದು ಮಧ್ಯಾಹ್ನಕ್ಕೆ ಮನೆಗೆ ಬಂದೆವು. ಭಾನುವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಊಟ. ಹೋಳಿಗೆ, ಕೋಸಂಬರಿ, ಮೆಣಸಿನಕಾಯಿ ಬಜ್ಜಿ. ಮಗ ಬೋಳುತಲೆಯಲ್ಲಿ ನಗುತ್ತಾ ಎಲ್ಲರ ಕೈಯಿಂದ ಕೈಗೆ ಹೋದ.

ಇದು ಖರ್ಚಿನಲ್ಲಿ ಅಗ್ಗ ಅಲ್ಲ. ಎರಡು ದಿನ ಓಡಾಟ, ಮಗುವಿಗೆ ಎರಡು ಜೊತೆ ಹೊಸ ಬಟ್ಟೆ, ತವರಿನವರಿಗೆ ಎರಡು ದಿನದ ವಸತಿ. ದೊಡ್ಡ ತೊಡಕು ಅಂದರೆ ಮುನಿಸು. 'ನಮ್ಮನ್ನ ಬರೀ ಉಣ್ಣಾಕೆ ಕರದ್ರು, ಕಾರ್ಯಕ್ಕೆ ಕರೀಲಿಲ್ಲ' ಅನ್ನುವವರು ಇದ್ದೇ ಇರುತ್ತಾರೆ. ನಮ್ಮಲ್ಲಿ ಇದನ್ನು ಬಿಡಿಸಿದ್ದು ಅತ್ತೆ. ಮಾವನ ಅಕ್ಕನಿಗೆ ಅವರೇ ಫೋನು ಹಚ್ಚಿ, 'ನೋಡ್ರಿ ಅಕ್ಕಾರೆ, ಕೂದ್ಲು ಅಜ್ಜಯ್ಯಂದು, ಅದನ್ನ ಅವನಿಗೆ ಕೊಟ್ಟು ಬರ್ತೀವಿ. ಹುಡುಗ ನಿಮ್ಮೋನು, ಭಾನುವಾರ ಬಂದು ಎತ್ಕಳ್ರಿ' ಅಂದರು. ಆ ಮೇಲೆ ಯಾರೂ ಮಾತಾಡಲಿಲ್ಲ. ಈ ಫೋನನ್ನು ಸೊಸೆ ಮಾಡಬಾರದು, ಅತ್ತೆಯೇ ಮಾಡಬೇಕು.

ಸೋದರತ್ತೆಯನ್ನೂ ಶನಿವಾರದ ಗುಂಪಿನಲ್ಲಿ ಸೇರಿಸಿಕೊಳ್ಳಿ. ನಮ್ಮಲ್ಲಿ ಮೊದಲ ಕೂದಲು ನೆಲಕ್ಕೆ ಬೀಳದ ಹಾಗೆ ಅವರು ಸೆರಗಿನಲ್ಲಿ ಹಿಡಿಯಬೇಕು. ಅವರನ್ನು ಬಿಟ್ಟು ಹೋದರೆ ಹತ್ತು ವರ್ಷ ಕೇಳಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಮನೆದೇವರು ಎರಡು ಗಂಟೆ ದಾರಿಯ ಒಳಗೆ ಇದ್ದರೆ ಹಂಚುವುದೇ ಸರಿ. ಅದಕ್ಕಿಂತ ದೂರ ಇದ್ದರೆ, ಹಿಂದಿನ ರಾತ್ರಿ ಅಲ್ಲೇ ಉಳಿಯಲು ಆಗುವುದಿಲ್ಲ ಅಂದರೆ, ಮನೆಯಲ್ಲೇ ಕೂದಲು ತೆಗೆಸಿ ಗಂಟು ಕಟ್ಟಿ ಇಡಿ. ಬಿಡುವಾದಾಗ ಒಯ್ದು ಒಪ್ಪಿಸಿ ಬನ್ನಿ. ಹಾಗೆ ಮಾಡುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಆ ಗಂಟನ್ನು ಹೊಳೆಗೆ ಎಸೆಯಬೇಕಾ ಅನ್ನುವುದು ನನ್ನ ತಕರಾರು. ಕೂದಲು ನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಹೊಳೆದಂಡೆಯಲ್ಲಿ ಬಟ್ಟೆ, ಕೂದಲು ಬಿದ್ದಿರುವುದನ್ನು ನೋಡಿದರೆ ಮೀಯಲು ಮನಸ್ಸೇ ಬರುವುದಿಲ್ಲ. ನಾವು ಮಗನದನ್ನು ಹೊಳೆಗೆ ಬಿಡದೆ ಮನೆಗೆ ತಂದು ಹಿತ್ತಿಲ ತೆಂಗಿನ ಬುಡಕ್ಕೆ ಹಾಕಿದೆವು. ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು, ಮೂರನೇ ದಿನ ತಾವೇ ಆ ಗಿಡಕ್ಕೆ ನೀರು ಹಾಕಿದರು.

ಎಲ್ಲಿ ಮಾಡಿದರೂ ಬೇಕಾದದ್ದು

ಬ್ಲೇಡು ಹೊಸದೇ ಇರಬೇಕು, ನಿಮ್ಮ ಕಣ್ಣೆದುರೇ ಕಾಗದ ಬಿಚ್ಚಬೇಕು. ಇನ್ನೊಬ್ಬರ ತಲೆಗೆ ಬಳಸಿದ ಬ್ಲೇಡಿನಿಂದ ಹೆಪಟೈಟಿಸ್ ಬಿ ಅಂಥ ರೋಗ ದಾಟುತ್ತದೆ. ದೇವಸ್ಥಾನದ ಸರದಿಯಲ್ಲಿ ಇದನ್ನು ಕೇಳಲು ನಾಚಿಕೆ ಬೇಡ. ನಾವು ನಮ್ಮ ಬೀದಿಯ ಕಟಿಂಗ್ ಶಾಪಿನ ಯಜಮಾನರನ್ನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆವು. ಅಕ್ಕಿ, ಬೆಲ್ಲ, ಕಾಯಿ, ಟವೆಲು, ಮೇಲೆ ದಕ್ಷಿಣೆ ಕೊಟ್ಟೆವು. ಆದರೆ ದೇವಸ್ಥಾನದಲ್ಲಿ ಅಲ್ಲಿಯವರೇ ಮಾಡಬೇಕು ಅಂತ ಇರಬಹುದು, ಮೊದಲೇ ವಿಚಾರಿಸಿ. ಮಗುವಿನ ನೆತ್ತಿ ಗಟ್ಟಿಯಾಗಲು ಸುಮಾರು ಒಂದೂವರೆ ವರ್ಷ ಬೇಕು, ಆ ಜಾಗದಲ್ಲಿ ಕೈ ಹಗುರ ಇರಲಿ ಅಂತ ಹೇಳಿ. ನುಣ್ಣಗೆ ಬೋಳಿಸಿದರೆ ಕೂದಲು ದಟ್ಟ ಬರುತ್ತದೆ ಅಂತ ಎರಡೆರಡು ಸಲ ಕೆರೆಸುವವರು ಇದ್ದಾರೆ. ಬೋಳಿಸುವುದರಿಂದ ಕೂದಲ ಬೇರು ಬದಲಾಗುವುದಿಲ್ಲ, ಸುಮ್ನೆ ಮಗುವಿಗೆ ಉರಿ.

ಕಿವಿ ಚುಚ್ಚುವುದನ್ನೂ ಅದೇ ದಿನ ಮುಗಿಸಿಬಿಡೋಣ ಅನ್ನುತ್ತಾರೆ. ಪತ್ತಾರರು (ಅಕ್ಕಸಾಲಿಗರು) ಒಂದೇ ಸಲ ಬಂದು ಹೋಗುತ್ತಾರೆ, ಖರ್ಚು ಉಳಿಯುತ್ತದೆ, ನಿಜ. ನಾನು ಬೇಡ ಅನ್ನುತ್ತೇನೆ. ತಲೆ ಉರಿ, ಕಿವಿ ನೋವು ಎರಡೂ ಸೇರಿದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ.

ಊಟದ ಗುತ್ತಿಗೆಯೋ ಅಡಿಗೆಯವರೋ ಅನ್ನುವುದಕ್ಕೆ ಜನರ ಲೆಕ್ಕ ಸಾಕು. ನೂರರ ಒಳಗಿದ್ದರೆ ಅಡಿಗೆಯವರನ್ನು ಕರೆಸಿ, ಸಾಮಾನು ನೀವೇ ತನ್ನಿ. ಮೇಲಾದರೆ ಎಲೆ ಲೆಕ್ಕದ ಗುತ್ತಿಗೆ. ಹೋಳಿಗೆ ಮಾತ್ರ ತಲೆಗೆ ಎರಡರ ಮೇಲೆ ಲೆಕ್ಕ ಹಾಕಿ. ಉಳಿದರೆ ಡಬ್ಬಿಗೆ ಕಟ್ಟಿ ಕಳಿಸಬಹುದು, ಸಾಲದೆ ಬಂದರೆ ಊರೆಲ್ಲ ಗೊತ್ತಾಗುತ್ತದೆ. ಬೆಳಗ್ಗೆ ಬೇಗ ಬಂದವರಿಗೆ ಮಂಡಕ್ಕಿ ಒಗ್ಗರಣೆ ಸಾಕು. ಅದಕ್ಕೂ ಇಡ್ಲಿ ವಡೆ ಅಂತ ಹೊರಟರೆ ಹೆಂಗಸರು ಕಾರ್ಯ ನೋಡುವುದೇ ಇಲ್ಲ. ಬಂದವರು ಕೊಟ್ಟ ಮುಯ್ಯಿ ಬರೆಯಲು ಅಕ್ಷರ ಚೆನ್ನಾಗಿರುವ, ಎದ್ದು ಹೋಗದ ಒಬ್ಬರನ್ನು ಕೂರಿಸಿ. ಅದನ್ನು ನೋಡಿಯೇ ನಾಳೆ ನಾವು ಅವರ ಮನೆಗೆ ಮಾಡಬೇಕು.

ತಂಗಿಯದು ಇನ್ನೂ ತೀರ್ಮಾನ ಆಗಿಲ್ಲ. ಅವಳ ಮನೆದೇವರು ಉಚ್ಚಂಗೆಮ್ಮ. ಅವಳ ಅತ್ತೆ ಶುಕ್ರವಾರವೇ ಆಗಬೇಕು ಅನ್ನುತ್ತಾರೆ, ಅವಳ ಗಂಡನಿಗೆ ಶುಕ್ರವಾರ ರಜೆ ಇಲ್ಲ. ನಿನ್ನೆ ರಾತ್ರಿ ನಾನು ಹೇಳಿದೆ: 'ಶುಕ್ರವಾರ ಬೆಳಗಿನ ಜಾವ ಗುಡ್ಡ ಹತ್ತಿ ಇಳಿದುಬಿಡಿ, ಮಧ್ಯಾಹ್ನದ ಮೇಲೆ ಅವರು ಕೆಲಸಕ್ಕೆ ಹೋಗಲಿ, ಭಾನುವಾರ ಊಟ ಇಟ್ಕೋ.' ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಮೆಟ್ಟಿಲು ಹತ್ತೋವಾಗ ಕೂಸನ್ನ ಯಾರು ಎತ್ಕೊಳ್ಳೋದು ಅಕ್ಕ?' ಅಂದಳು. ಅದಕ್ಕೇ ಅಣ್ಣನಿಗೆ ಗುರುವಾರ ರಾತ್ರಿಯೇ ದಾವಣಗೆರೆಗೆ ಬಂದು ಮಲಗಲು ಹೇಳಿದ್ದೇನೆ. ಬರುವಾಗ ಎರಡು ಕಾಟನ್ ಟೋಪಿ ತರಲು ಹೇಳಿದ್ದೇನೆ, ಒಂದು ಮಗುವಿಗೆ, ಇನ್ನೊಂದು ಅದು ಗಂಧದಲ್ಲಿ ಒದ್ದೆಯಾದಾಗ ಹಾಕಲು.